ಮಂಜುಗಡ್ಡೆ ಮೇಲಿನ ಓಬಳಯ್ಯ

ಬಕೆಟ್ಟು ಬಾವಿಯಿಂದ ಅರ್ಧ ಮೇಲೆ ಬಂದಿತ್ತು. ಅಷ್ಟರಲ್ಲಿ ಒಳಗಿನಿಂದ ಆ ಸದ್ದು ಕೇಳಿಸಿತು.

ಟಕ್.

ಹಗ್ಗ ಎಳೆಯುತ್ತಿದ್ದ ವಿಶಾಲುವಿನ ಕೈ ಹಾಗೇ ನಿಂತಿತು. ಮನೆಯಲ್ಲಿ ಡಬ್ಬಗಳು ಬೇಕಾದಷ್ಟಿದ್ದವು. ಆದರೆ ಮುಚ್ಚಳ ತೆಗೆದರೆ ಹೀಗೆ ಟಕ್ ಅನ್ನುವುದು ತಾತನ ಬಿಸ್ಕತ್ ಡಬ್ಬ ಒಂದೇ. ಅದನ್ನು ತಾತನ ಮಂಚದ ಕೆಳಗಿನಿಂದ ಎಳೆದು ತೆಗೆಯುವವಳು ಈ ಮನೆಯಲ್ಲಿ ಒಬ್ಬಳೇ. ಅವಳೋ ಇಲ್ಲಿ ಹಿತ್ತಲಲ್ಲಿ ಹಂಡೆಗೆ ನೀರು ಸೇದುತ್ತಾ ನಿಂತಿದ್ದಾಳೆ.

ಹಾಗಾದರೆ ಒಳಗೆ ತೆಗೆದವರು ಯಾರು?

ಹಗ್ಗ ಕೈಯಿಂದ ಜಾರಿತು. ರಾಟೆ ಗಿರಗಿರ ತಿರುಗಿತು. ಬಕೆಟ್ಟು ದುಡುಂ ಅಂತ ನೀರಿಗೆ ಬಿತ್ತು, ಹಗ್ಗದ ತುದಿಯೂ ಅದರ ಹಿಂದೆಯೇ ಹೋಯಿತು.

"ಏನೇ ಅದು ಬಿದ್ದಿದ್ದು?" ಅಡುಗೆಮನೆಯಿಂದ ಅಮ್ಮ ಕೇಳಿದಳು.

"ಬಕೆಟ್ಟು."

"ಸದ್ಯ, ನೀನಲ್ಲವಲ್ಲ. ಹೋಗು, ವನಜಮ್ಮನೋರ ಮನೆಯಿಂದ ಪಾತಾಳಗರಡಿ ಇಸ್ಕೊಂಡು ಬಾ. ಕೊಕ್ಕೆ ಕೈಗೆ ಚುಚ್ಚಿಕೊಂಡೀಯ, ಜೋಪಾನ."

ವಿಶಾಲು ವನಜಮ್ಮನ ಮನೆಗೆ ಹೋಗಲಿಲ್ಲ. ಒದ್ದೆ ಲಂಗ ಎತ್ತಿ ಹಿಡಿದುಕೊಂಡು ನಡುಮನೆಗೆ ಓಡಿದಳು.

ತಾತ ಕಿಟಕಿ ಪಕ್ಕದಲ್ಲಿ ಚಾಪೆ ಮೇಲೆ ಕೂತಿದ್ದರು. ಅವರ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ರೇವತಿ ಕೂತಿದ್ದಳು. ರೇವತಿ ಎಂದರೆ ಕೌಸಲ್ಯತ್ತೆಯ ಮಗಳು. ತುಮಕೂರಿನಲ್ಲಿ ಕಾನ್ವೆಂಟು, ಆರನೇ ಕ್ಲಾಸು. ದಸರಾ ರಜಕ್ಕೆಂದು ಅತ್ತೆಯ ಜೊತೆ ನಿನ್ನೆ ಸಾಯಂಕಾಲ ತಾನೇ ಗುಬ್ಬಿಗೆ ಬಂದಿದ್ದಳು. ಬಂದು ಒಂದು ರಾತ್ರಿ ಕಳೆದಿಲ್ಲ, ತಾತನ ಡಬ್ಬ ಅವಳ ಮಡಿಲಲ್ಲಿತ್ತು.

"ದಿಸ್ ಬರ್ಡ್ ಕೆನಾಟ್ ಫ್ಲೈ," ರೇವತಿ ಓದುತ್ತಿದ್ದಳು. ಅವಳ ಕೈಯಲ್ಲಿ ಇಸ್ಪೀಟ್ ಎಲೆಗಿಂತ ಚಿಕ್ಕದಾದ ಒಂದು ರಟ್ಟಿನ ಚಿತ್ರ. "ಅಂದ್ರೆ ತಾತ, ಈ ಹಕ್ಕಿಗೆ ಹಾರೋಕೆ ಬರಲ್ಲವಂತೆ. ಮೀನು ತಿನ್ನುತ್ತಂತೆ. ಒಂದು ಪುಟ್ಟ ಮಗೂನಷ್ಟು ಎತ್ತರ ಇರುತ್ತಂತೆ."

"ಹಿಂದುಗಡೆ ಅಷ್ಟೆಲ್ಲಾ ಬರೆದಿದೆಯಾ?" ತಾತ ಮುಂದಕ್ಕೆ ಬಗ್ಗಿದರು. "ನೋಡು ಮಗೂ, ಅರವತ್ತು ವರ್ಷದಿಂದ ಇದು ನನ್ನ ಹತ್ರ ಇದೆ. ಹಾರಲ್ಲ ಅಂತ ಇವತ್ತು ಗೊತ್ತಾಯ್ತು ನನಗೆ."

ಹೇಳಿ ನಕ್ಕರು. ಬಾಯಲ್ಲಿ ಉಳಿದಿದ್ದ ನಾಲ್ಕು ಹಲ್ಲೂ ಕಾಣುವ ಹಾಗೆ ನಕ್ಕರು. ಆ ನಗು ತನ್ನದು ಅಂತ ವಿಶಾಲು ತಿಳಿದುಕೊಂಡಿದ್ದಳು. ಮಗೂ ಅನ್ನುವ ಮಾತೂ ಅಷ್ಟೆ.

"ಅದು ಲಾಯರ್ ಹಕ್ಕಿ," ಬಾಗಿಲಲ್ಲೇ ನಿಂತು ಹೇಳಿದಳು.

ರೇವತಿ ತಲೆ ಎತ್ತಿದಳು. "ಅಲ್ಲ ಕಣೇ. ಪೆಂಗ್ವಿನ್. ಇಲ್ಲೇ ಪ್ರಿಂಟ್ ಆಗಿದೆ, ಬಾ ನೋಡು."

ವಿಶಾಲು ಹೋಗಲಿಲ್ಲ. ಲಂಗದಿಂದ ನೀರು ತೊಟ್ಟಿಕ್ಕಿ ಹೊಸ್ತಿಲು ಒದ್ದೆಯಾಯಿತು.

ಆ ಚಿತ್ರಗಳು ತಾತನಿಗೆ ಸಿಕ್ಕ ಕತೆ ವಿಶಾಲುವಿಗೆ ಬಾಯಿಪಾಠ. ತಾತ ಅವಳಷ್ಟೇ ಇದ್ದಾಗ ನಿಟ್ಟೂರಿನ ಮನೆ ಬಿಟ್ಟು ಬೆಂಗಳೂರಿಗೆ ಹೋಗಿ, ದಂಡಿನ ರೈಲ್ವೆ ಸ್ಟೇಷನ್ನಿನಲ್ಲಿ ಕೆಟಲ್ ಹಿಡಿದು ಕಾಫಿ ಮಾರುತ್ತಿದ್ದರು. ಆ ಕಾಲದಲ್ಲಿ ಸಿಗರೇಟ್ ಪ್ಯಾಕು ನಜ್ಜುಗುಜ್ಜಾಗದೆ ಇರಲಿ ಅಂತ ಒಳಗೊಂದು ರಟ್ಟಿನ ಚಿತ್ರ ಇಡುತ್ತಿದ್ದರಂತೆ. ರೈಲಿನಲ್ಲಿ ಬರುವ ಬಿಳಿ ಸೋಲ್ಜರುಗಳು ಸಿಗರೇಟು ಹಚ್ಚಿ, ಚಿತ್ರವನ್ನು ಕಿಟಕಿಯಿಂದ ಆಚೆ ಎಸೆಯುವರು. ಪೊರಕೆ ಬರುವ ಮುಂಚೆ ತಾತ ಆರಿಸಿಕೊಳ್ಳುವರು. ಹಡಗು, ನಾಯಿ ಎಳೆಯುವ ಗಾಡಿ, ಬೆಟ್ಟದಂಥ ಮಂಜುಗಡ್ಡೆ, ಎಲ್ಲವೂ ಭೂಮಿಯ ತುತ್ತತುದಿಗೆ ಹೋದವರ ಚಿತ್ರಗಳೇ.

ಚಿತ್ರದ ಹಿಂದೆ ಸಾಸಿವೆ ಚೆಲ್ಲಿದ ಹಾಗೆ ಪುಟ್ಟ ಪುಟ್ಟ ಇಂಗ್ಲಿಷ್ ಅಕ್ಷರ. ತಾತನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಪ್ಪನಿಗೂ ಅಷ್ಟಕ್ಕಷ್ಟೆ. ಸಂತೆಬೀದಿಯ ತಮ್ಮ ಕಾಫಿ ಹೋಟೆಲಿನ ಮುಂದೆ 'ರೆಡಿ' ಅಂತ ಬೋರ್ಡು ಬರೆಯುವಷ್ಟು. ಅದಕ್ಕೇ ಹಿಂದುಗಡೆ ಇರುವುದನ್ನು ಬಿಟ್ಟು ಮುಂದುಗಡೆ ಕಂಡದ್ದಕ್ಕೆ ತಾತನೇ ಕತೆ ಕಟ್ಟಿದ್ದರು. ಕಪ್ಪು ಕೋಟು, ಬಿಳಿ ಅಂಗಿ ಹಾಕಿಕೊಂಡು ಸಾಲಾಗಿ ನಿಂತವು ಲಾಯರ್ ಹಕ್ಕಿಗಳು. ಅವು ಮಂಜಿನ ಮೇಲೆ ಕೋರ್ಟು ನಡೆಸುತ್ತವೆ. ಒಂದು ಮೀನಿನ ಕೇಸು ಹನ್ನೆರಡು ವರ್ಷದಿಂದ ನಡೀತಾ ಇದೆ, ಇನ್ನೂ ವಾಯಿದೆ ಮೇಲೆ ವಾಯಿದೆ.

ಎಲ್ಲಕ್ಕಿಂತ ಮುಖ್ಯ ಓಬಳಯ್ಯ. ಅವನದು ಒಂದೇ ಚಿತ್ರ. ಉಣ್ಣೆ ಟೋಪಿ, ಗಡ್ಡದ ತುಂಬಾ ಮಂಜಿನ ಹರಳು, ಬೆನ್ನಿನ ಹಿಂದೆ ಒಂದು ಟೆಂಟು. ಸುತ್ತ ಮತ್ತಾರೂ ಇಲ್ಲ. ದೂರಕ್ಕೆ ನೋಡುತ್ತಾ ನಿಂತಿದ್ದಾನೆ. ಹೋಟೆಲಿಗೆ ಬರುವ ಕೊಬ್ಬರಿ ವ್ಯಾಪಾರದ ಓಬಳಯ್ಯನವರಿಗೂ ಅಂಥದೇ ಗಡ್ಡ, ಅದಕ್ಕೇ ಆ ಹೆಸರು. ಹೆಂಡತಿಗೆ 'ಸಂತೆಗೆ ಹೋಗಿ ಬರ್ತೀನಿ' ಅಂತ ಹೇಳಿ ಈ ಓಬಳಯ್ಯ ಹಡಗು ಹತ್ತಿಬಿಟ್ಟಿದ್ದ. ಈಗ ಹಡಗು ಮಂಜಿನಲ್ಲಿ ಸಿಕ್ಕಿಕೊಂಡಿದೆ, ಅವನಿಗೆ ದಾರಿ ಗೊತ್ತಿಲ್ಲ.

"ಆಮೇಲೆ ಮನೆಗೆ ಹೋದ್ನಾ ತಾತ?" ವಿಶಾಲು ಪ್ರತಿ ಸಲ ಕೇಳುತ್ತಿದ್ದಳು.

ಬೇರೆ ಕತೆಗಳನ್ನೆಲ್ಲಾ ಹೇಗೆ ಬೇಕೋ ಹಾಗೆ ಎಳೆಯುವ ತಾತ ಇಲ್ಲಿ ಮಾತ್ರ ನಿಂತುಬಿಡುತ್ತಿದ್ದರು. "ಅದು ಹಿಂದುಗಡೆ ಬರೆದಿರ್ತಾರೆ ಕಣೇ. ಸುಮ್ಮಸುಮ್ಮನೆ ನಾನು ಹೇಳಬಾರದು."

ಈಗ ಹಿಂದುಗಡೆ ಓದುವವಳು ಬಂದಿದ್ದಳು.

*

ವಿಶಾಲುವಿಗೆ ಈ ವರ್ಷವಷ್ಟೇ ಇಂಗ್ಲಿಷ್ ಶುರುವಾಗಿತ್ತು. ಐದನೇ ಕ್ಲಾಸಿನಲ್ಲಿ ಎಬಿಸಿಡಿ ಮುಗಿದು ಕ್ಯಾಟು, ರ್‍ಯಾಟಿಗೆ ಬಂದಿದ್ದರು. ರೇವತಿ ನೀರು ಕುಡಿದ ಹಾಗೆ ಓದುವುದನ್ನು ಕೇಳಿದರೆ ಹೊಟ್ಟೆಯೊಳಗೆ ಯಾರೋ ಹಸಿಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು.

ಬೆಳಿಗ್ಗೆ ತಿಂಡಿಯಾದ ಮೇಲೆ ಓದುವುದೆಂದು ತಾತನೂ ರೇವತಿಯೂ ಮಾತಾಡಿಕೊಂಡಿದ್ದರು. ದಿನಕ್ಕೆ ಎರಡೋ ಮೂರೋ ಚಿತ್ರ. ವಿಶಾಲು ಅಲ್ಲಿ ಕೂರಲಿಲ್ಲ. ಆದರೆ ಅದೇ ಹೊತ್ತಿಗೆ ನಡುಮನೆಯಲ್ಲಿ ಅವಳಿಗೆ ಏನಾದರೂ ಕೆಲಸ ಇರುತ್ತಿತ್ತು. ಒಂದು ದಿನ ಕಿಟಕಿಯ ಸರಳುಗಳನ್ನು ಒಂದೊಂದಾಗಿ ಒರೆಸಿದಳು. ಯಾರೂ ಹೇಳದೆ ಅವಳು ಕಿಟಕಿ ಒರೆಸಿದ್ದು ಅದೇ ಮೊದಲು.

"ಓಬಳಯ್ಯಂದು ಇವತ್ತು ಓದಲಾ ತಾತ?" ರೇವತಿ ಕೇಳಿದಳು.

"ಬೇಡ, ಬೇಡ. ಅವನು ಕೊನೆಗಿರಲಿ." ತಾತ ಆ ಚಿತ್ರವನ್ನು ತೆಗೆದುಕೊಂಡು ಅಂಗೈಯಲ್ಲಿ ಮುಚ್ಚಿಟ್ಟರು. "ಕೇಳೋಕೆ ಸ್ವಲ್ಪ ಧೈರ್ಯ ಬೇಕು ನನಗೆ."

ನನ್ನ ಓಬಳಯ್ಯ, ಅಂದುಕೊಂಡಳು ವಿಶಾಲು. ಸರಳನ್ನು ಇನ್ನೂ ಜೋರಾಗಿ ಉಜ್ಜಿದಳು.

ಸಾಯಂಕಾಲ ಇನ್ನೂ ಕಷ್ಟ. ಅವರ ಮನೆಯಲ್ಲಿ ಪ್ರತಿ ದಸರಾಕ್ಕೂ ಗೊಂಬೆ ಕೂರಿಸುತ್ತಿದ್ದರು. ಮೇಲಿನ ಮೆಟ್ಟಿಲುಗಳಲ್ಲಿ ಪಟ್ಟದ ಗೊಂಬೆ, ಶೆಟ್ಟಿ ಅಂಗಡಿ, ಮದುವೆ ಮೆರವಣಿಗೆ. ಅದು ಎಲ್ಲರ ಮನೆಯಲ್ಲೂ ಇರುವಂಥದು. ಕೆಳಗಿನ ಮೆಟ್ಟಿಲು ಮಾತ್ರ ವಿಶಾಲುವಿನದು. ಅಲ್ಲಿ ಬೂರುಗದ ಹತ್ತಿ ಹರಡಿ ಮಂಜು ಮಾಡಿ, ಅದರೊಳಗೆ ತಾತನ ಚಿತ್ರಗಳನ್ನು ನೆಟ್ಟಗೆ ನಿಲ್ಲಿಸುತ್ತಿದ್ದಳು. ರಾತ್ರಿ ಇಲಿ ಕಡಿಯದ ಹಾಗೆ ಮತ್ತೆ ಡಬ್ಬಕ್ಕೆ. ಗೊಂಬೆ ನೋಡಲು ಬರುವ ಬೀದಿಯ ಹುಡುಗಿಯರು ಪಟ್ಟದ ಗೊಂಬೆಗೆ ಕೈ ಮುಗಿದು ನೇರವಾಗಿ ಮಂಜಿಗೆ ಬಂದು ಕೂತುಬಿಡುವರು. ವಿಶಾಲು ಲಾಯರ್ ಹಕ್ಕಿಯ ಕೇಸು ಎಲ್ಲಿಗೆ ಬಂತು ಅಂತ ಹೇಳುವಳು.

ಈ ಸಲ ಎಲ್ಲರೂ ರೇವತಿಯ ಸುತ್ತ ಕೂತರು.

"ಇನ್ನೊಂದು ಓದೇ. ಆ ನಾಯಿದು ಓದು."

"ಎಷ್ಟು ಫಾಸ್ಟಾಗಿ ಓದ್ತಾಳೆ ನೋಡೇ. ರೇಡಿಯೋ ಥರ."

ಎದುರುಮನೆಯ ಉಮಾಮಹೇಶ್ವರಿ ಬಾಯಲ್ಲಿ ಕೋಸಂಬರಿ ತುಂಬಿಕೊಂಡೇ ವಿಶಾಲುವಿನ ಕಡೆ ತಿರುಗಿದಳು. "ಹಾಗಾದ್ರೆ ಇಷ್ಟು ವರ್ಷ ನಮಗೆ ರೈಲು ಬಿಟ್ಯಾ ನೀನು? ಲಾಯರ್ ಹಕ್ಕಿಯಂತೆ, ಕೋರ್ಟಂತೆ. ನಾನು ನಮ್ಮ ಸ್ಕೂಲಲ್ಲೆಲ್ಲಾ ಹೇಳ್ಕೊಂಡು ಬಂದಿದೀನಿ."

ಹುಡುಗಿಯರು ನಕ್ಕರು. ರೇವತಿಯೂ ನಕ್ಕಳು, ಎಲ್ಲರೂ ನಕ್ಕರೆಂದು. ವಿಶಾಲು ತಾತನ ಕಡೆ ನೋಡಿದಳು. ತಾತ ಏನಾದರೂ ಹೇಳಬಹುದು, ಅದು ನಾನು ಹೇಳಿದ ಕತೆ ಕಣ್ರೇ ಅನ್ನಬಹುದು. ಆದರೆ ತಾತನಿಗೆ ಗಲಾಟೆಯಲ್ಲಿ ಏನೂ ಕೇಳಿಸಿರಲಿಲ್ಲ. ಕುರ್ಚಿಯಲ್ಲಿ ಕೂತು ಕಿವಿಗೆ ಕೈ ಅಡ್ಡ ಇಟ್ಟುಕೊಂಡು, "ಓದು ಮಗೂ, ನಿಲ್ಲಿಸಬೇಡ," ಅಂದರು.

ವಿಶಾಲು ಎದ್ದು ಅಡುಗೆಮನೆಗೆ ಹೋದಳು. ಅಮ್ಮ ಮಾರನೆಯ ದಿನದ ಇಡ್ಲಿಗೆ ರುಬ್ಬುತ್ತಿದ್ದಳು.

"ಯಾಕೆ ಬಂದೆ? ಅಲ್ಲಿ ಎಲ್ಲಾ ನಿನ್ನ ಫ್ರೆಂಡ್ಸೇ ಇದಾರಲ್ಲ."

"ನನ್ನ ಫ್ರೆಂಡ್ಸಲ್ಲ. ಅವಳ ಫ್ರೆಂಡ್ಸು."

ಅಮ್ಮ ಒರಳಿನಿಂದ ಕೈ ತೆಗೆಯದೆ ಅವಳ ಮುಖ ನೋಡಿದಳು. "ಸ್ವಲ್ಪ ಹಿಟ್ಟು ತಳ್ಳು ಬಾ," ಅಂದಳು. ಒರಳಿನ ಒಳಗೆ ಹಿಟ್ಟು ತಳ್ಳುತ್ತಾ ಕೂತರೆ ಕಣ್ಣೀರು ಬಂದರೂ ಯಾರಿಗೂ ಕಾಣುವುದಿಲ್ಲ. ಅದು ಅಮ್ಮನಿಗೂ ಗೊತ್ತಿತ್ತು ಅಂತ ಕಾಣುತ್ತದೆ.

*

ಸರಸ್ವತಿ ಪೂಜೆಯ ದಿನ ಬಂತು. ವಿಶಾಲುವಿಗೆ ಮೊದಲಿನಿಂದಲೂ ಬಹಳ ಇಷ್ಟದ ಹಬ್ಬ ಅದು. ಓದುವ ಪುಸ್ತಕಗಳನ್ನೆಲ್ಲಾ ಮಣೆಯ ಮೇಲೆ ಜೋಡಿಸಿ, ರೇಷ್ಮೆ ಬಟ್ಟೆ ಹೊದಿಸಿ ಪೂಜೆ ಮಾಡುತ್ತಾರೆ. ಒಂದು ಸಲ ಮಣೆಯ ಮೇಲೆ ಇಟ್ಟರೆ ಮುಗಿಯಿತು. ವಿಜಯದಶಮಿಯ ಬೆಳಿಗ್ಗೆವರೆಗೆ ಯಾರೂ ಮುಟ್ಟುವ ಹಾಗಿಲ್ಲ, ಓದುವ ಹಾಗಿಲ್ಲ. ಗಣಿತದ ಪುಸ್ತಕವನ್ನು ಎಲ್ಲಕ್ಕಿಂತ ಮೊದಲು ಇಟ್ಟುಬಿಡುವುದು ಅವಳ ರೂಢಿ.

"ಪುಸ್ತಕ ತನ್ನಿರೇ," ಅಮ್ಮ ಕರೆದಳು. ಸ್ನಾನ ಮಾಡಿ ಮಡಿಯುಟ್ಟು, ಅರಿಶಿನ ಕುಂಕುಮದ ಬಟ್ಟಲು ಹಿಡಿದು ಕೂತಿದ್ದಳು.

ರೇವತಿ ಇನ್ನೂ ಬಚ್ಚಲಲ್ಲಿದ್ದಳು. ತಾತ ಹೊರಗೆ ಜಗಲಿಯಲ್ಲಿದ್ದರು. ವಿಶಾಲು ತನ್ನ ಪುಸ್ತಕಗಳನ್ನು ತಂದಳು. ಅಪ್ಪನ ಪಂಚಾಂಗ ತಂದಳು, ಅಮ್ಮನ ಹಾಡಿನ ಪುಸ್ತಕ ತಂದಳು. ಆಮೇಲೆ ಮಂಚದ ಕೆಳಗೆ ಬಗ್ಗಿದಳು.

ಬಿಸ್ಕತ್ ಡಬ್ಬವನ್ನು ಅವಳು ಮಣೆಯ ಮೇಲೆ ಇಟ್ಟಾಗ ಅಮ್ಮ ಕೈ ನಿಲ್ಲಿಸಿದಳು. "ಇದ್ಯಾಕೆ ಇಲ್ಲಿ?"

"ಇದರಲ್ಲೂ ಅಕ್ಷರ ಇದೆಯಲ್ಲಮ್ಮ. ಓದೋದು ತಾನೆ."

ಅಮ್ಮ ಬಟ್ಟಲು ಕೆಳಗಿಟ್ಟಳು. "ತಾತನ್ನ ಕೇಳಿದ್ಯಾ?"

ವಿಶಾಲು ತಲೆ ಹೂಂ ಅನ್ನುವ ಹಾಗೂ ಆಡಿಸಲಿಲ್ಲ, ಊಹೂಂ ಅನ್ನುವ ಹಾಗೂ ಆಡಿಸಲಿಲ್ಲ. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿ ಸುರ್ ಅಂದಿತು. ಅಮ್ಮ ಗಡಿಬಿಡಿಯಲ್ಲಿ ಡಬ್ಬದ ಮೇಲೂ ಕುಂಕುಮವಿಟ್ಟು, ಒಂದು ಸೇವಂತಿಗೆ ಹೂವು ಏರಿಸಿ ಎದ್ದಳು.

ಮಂಗಳಾರತಿ ಆಯಿತು. ತಿಂಡಿ ಆಯಿತು. ರೇವತಿ ಒದ್ದೆ ಕೂದಲು ಬಿಟ್ಟುಕೊಂಡು ಚಾಪೆ ಹಾಸಿದಳು. "ತಾತ, ಇವತ್ತು ಮೂರು ಓದಿದ್ರೆ ಓಬಳಯ್ಯನೊಬ್ಬನೇ ಉಳ್ಕೋತಾನೆ."

ತಾತ ಬಗ್ಗಿ ಮಂಚದ ಕೆಳಗೆ ಕೈಯಾಡಿಸಿದರು. ಆ ಕಡೆ, ಈ ಕಡೆ.

"ಡಬ್ಬ ಪೂಜೆಗೆ ಇಟ್ಟಾಯ್ತು," ವಿಶಾಲು ಹೇಳಿದಳು. ಅವಳ ದನಿ ಅವಳಿಗೇ ಬೇರೆಯಾಗಿ ಕೇಳಿಸಿತು. "ಇನ್ನು ಓದೋ ಹಾಗಿಲ್ಲ."

"ಯಾರಿಟ್ಟಿದ್ದು?"

"ಅಮ್ಮ ಕುಂಕುಮ ಇಟ್ಟಿದಾಳೆ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ರೇವತಿಯ ಮುಖ ಸಪ್ಪಗಾಯಿತು. "ನಾವು ವಿಜಯದಶಮಿ ದಿನವೇ ಹೊರಡ್ತೀವಲ್ಲ ತಾತ."

"ಮಧ್ಯಾಹ್ನದ ಬಸ್ಸಿಗೆ ತಾನೆ? ಬೆಳಿಗ್ಗೆ ಪುಸ್ತಕ ತೆಗೀತಾರಲ್ಲ. ಆಗ ನೋಡೋಣ." ತಾತ ಹಾಗೆ ಹೇಳಿದರು. ಆದರೆ ಅವರ ಕೈ ಮಾತ್ರ ಮಂಚದ ಕೆಳಗಿನ ಖಾಲಿ ಜಾಗದಲ್ಲೇ ಸ್ವಲ್ಪ ಹೊತ್ತು ಇತ್ತು.

ಗೆದ್ದೆ ಅಂತ ವಿಶಾಲು ಅಂದುಕೊಂಡಳು. ಗೆದ್ದರೆ ಕುಣಿಯಬೇಕು ಅನ್ನಿಸುತ್ತದಲ್ಲ, ಹಾಗೇನೂ ಅನ್ನಿಸಲಿಲ್ಲ.

ಅವತ್ತು ಸಾಯಂಕಾಲ ಗೊಂಬೆಯ ಕೆಳಗಿನ ಮೆಟ್ಟಿಲಿನಲ್ಲಿ ಬರೀ ಹತ್ತಿ ಇತ್ತು. ಹುಡುಗಿಯರು ಬಂದರು, ನೋಡಿದರು. "ಇಷ್ಟೇನಾ?" ಅಂದರು. ತಿಂಡಿ ತಿಂದು ಬೇರೆ ಮನೆಗೆ ಹೊರಟುಹೋದರು. ತನ್ನ ಮೆಟ್ಟಿಲನ್ನು ತಾನೇ ಖಾಲಿ ಮಾಡಿಕೊಂಡೆ ಅನ್ನುವುದು ವಿಶಾಲುವಿಗೆ ಆಗ ಹೊಳೆಯಿತು.

*

ಆಯುಧಪೂಜೆಯ ದಿನ ಹೋಟೆಲಿಗೆ ರಜ. ಅಪ್ಪ ಕಾಫಿ ಫಿಲ್ಟರಿಗೆ, ಬೋಂಡದ ಜಾಲರಿಗೆ, ದೋಸೆ ಕಲ್ಲಿಗೆ ಎಲ್ಲಕ್ಕೂ ಕುಂಕುಮವಿಟ್ಟು ಹೂ ಮುಡಿಸಿದ್ದರು. ವಿಶಾಲುವೂ ರೇವತಿಯೂ ಹೋಟೆಲಿನ ಮುಂದಿನ ಬೆಂಚಿನ ಮೇಲೆ ಕೂತು ಕಡಲೆಪುರಿ ತಿನ್ನುತ್ತಿದ್ದರು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದರು.

"ವಿಶಾಲು, ಲಾಯರ್ ಹಕ್ಕಿ ಕತೆ ಹೇಳೇ," ರೇವತಿ ಕೇಳಿದಳು.

"ನಿನಗೇ ಓದೋಕೆ ಬರುತ್ತಲ್ಲ."

"ಅದರಲ್ಲಿ ಏನಿದೆ? ಹೈಟು, ವೆಯ್ಟು, ಏನು ತಿನ್ನುತ್ತೆ. ನಮ್ಮ ಸೈನ್ಸ್ ಟೆಕ್ಸ್ಟ್ ಥರ. ನಿಂದರಲ್ಲಿ ಕೋರ್ಟ್ ಇದೆ."

ವಿಶಾಲು ಒಂದು ಹಿಡಿ ಪುರಿ ಬಾಯಿಗೆ ಹಾಕಿಕೊಂಡಳು. ಹೇಳಬಾರದು ಅಂತಲೇ ಇದ್ದಳು. ಆದರೆ ಆ ಕತೆ ಬಾಯಲ್ಲಿ ನಿಲ್ಲುವಂಥದಲ್ಲ. "ಮೀನು ಕದ್ದಿದ್ದು ದಪ್ಪ ಲಾಯರ್ರೇ," ಅಂದಳು. "ಆದ್ರೆ ಅವನೇ ಜಡ್ಜು."

ರೇವತಿ ಪುರಿ ಉಗುಳಿಕೊಂಡು ನಕ್ಕಳು. "ಆಮೇಲೆ?"

"ಆಮೇಲೆ ಏನು, ಸಾಕ್ಷಿನೂ ತಿಂದುಬಿಟ್ಟ."

ರೇವತಿಗೆ ಬಿಕ್ಕಳಿಕೆ ಬರುವವರೆಗೆ ನಗು. ನಕ್ಕು ಸುಸ್ತಾದ ಮೇಲೆ ಕಾಲು ಆಡಿಸುತ್ತಾ, "ನಿನಗೆ ಚೆನ್ನಾಗಿದೆ ಬಿಡು," ಅಂದಳು.

"ಏನು ಚೆನ್ನಾಗಿದೆ?"

"ತಾತ ನಿನಗೆ ಕತೆ ಹೇಳ್ತಾರೆ. ನನ್ನ ಹತ್ರ ಬರೀ ಓದಿಸ್ತಾರೆ. ಓದಿ ಮುಗಿಸಿದ ತಕ್ಷಣ ತಲೆ ಎತ್ತಿ, ವಿಶಾಲು ಎಲ್ಲಿ ಅಂತಾರೆ. ನೀನು ಕಿಟಕಿ ಒರೆಸ್ತಾ ಇದ್ಯಲ್ಲ, ಆವತ್ತೂ ಕೇಳಿದ್ರು. ಇಲ್ಲೇ ಇದಾಳೆ ತಾತ, ನಿಮಗೆ ಕಾಣಿಸ್ತಾ ಇಲ್ವಾ ಅಂದೆ. ಸುಮ್ಮನಾದ್ರು."

ರೇವತಿ ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಾಗಿರುತ್ತಿತ್ತು.

*

ವಿಜಯದಶಮಿಯ ಬೆಳಿಗ್ಗೆ ಮನೆಯಲ್ಲಿ ಗಡಿಬಿಡಿ. ಮಧ್ಯಾಹ್ನದ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ತಿಂಡಿ ತಿಂದು ಈಗಲೇ ಹೊರಟುಬಿಡುತ್ತೇನೆ ಅಂತ ಕೌಸಲ್ಯತ್ತೆ ಬೆಳಗಾಗುತ್ತಲೇ ತೀರ್ಮಾನ ಮಾಡಿಬಿಟ್ಟಿದ್ದರು. ಅತ್ತೆಯ ತೀರ್ಮಾನಕ್ಕೆ ಎದುರಿಲ್ಲ. ಒಂದು ಕಡೆ ಬ್ಯಾಗು, ಒಂದು ಕಡೆ ಚಟ್ನಿಪುಡಿ ಪೊಟ್ಟಣ, ಇನ್ನೊಂದು ಕಡೆ ರೇವತಿಯ ಕಾಣೆಯಾದ ರಿಬ್ಬನ್ನು.

ಅಮ್ಮ ಮಣೆಯ ಮೇಲಿನ ಬಟ್ಟೆ ಸರಿಸಿ ಪುಸ್ತಕಗಳನ್ನು ಒಬ್ಬೊಬ್ಬರ ಕೈಗೆ ಕೊಟ್ಟಳು. ಅವತ್ತು ಪುಸ್ತಕ ತೆಗೆದವರು ಒಂದು ಸಾಲನ್ನಾದರೂ ಓದಲೇಬೇಕು. ಎಲ್ಲಕ್ಕೂ ಕೊನೆಗೆ ಡಬ್ಬ. ಅದನ್ನು ಅಮ್ಮ ತಾತನಿಗೆ ಕೊಡಲಿಲ್ಲ, ರೇವತಿಗೂ ಕೊಡಲಿಲ್ಲ. ವಿಶಾಲುವಿನ ಕೈಗೆ ಇಟ್ಟಳು.

"ಇಟ್ಟೋಳು ನೀನು. ತೆಗೆಯೋಳೂ ನೀನೇ," ಅಂದಳು ಮೆಲ್ಲಗೆ. ಬೈಯುವ ದನಿಯಲ್ಲ. ಅವಳ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿ, ದೋಸೆ ಸೀಯುತ್ತಿದೆ ಅಂತ ಒಳಗೆ ಹೋದಳು.

ವಿಶಾಲು ಡಬ್ಬ ಹಿಡಿದು ಹಿತ್ತಲಿಗೆ ಹೋದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಓಬಳಯ್ಯನನ್ನು ಹುಡುಕಿ ತೆಗೆದಳು. ನಾನೇ ಓದುತ್ತೇನೆ. ನಾನೇ ಓದಿ ತಾತನಿಗೆ ಹೇಳುತ್ತೇನೆ.

ಅಕ್ಷರಗಳೆಲ್ಲಾ ಗುರುತಿನವೇ. ಟಿ, ಎಚ್, ಇ. ದಿ. ಅದರ ಪಕ್ಕದ ಪದ ಉದ್ದಕ್ಕೆ ರೈಲಿನ ಹಾಗೆ ಹೋಗಿತ್ತು. ಅದನ್ನು ಬಿಟ್ಟು ಮುಂದಕ್ಕೆ ಹೋದಳು. ಮತ್ತೊಂದು ರೈಲು. ಬೆರಳಿಟ್ಟು ಸಾಲು ಸಾಲಾಗಿ ಕೆಳಗಿಳಿದಳು. ಕೊನೆಯ ಸಾಲಿನಲ್ಲಿ ಬೆರಳು ತಟ್ಟನೆ ನಿಂತಿತು. ಎಚ್, ಓ, ಎಂ, ಇ. ಹೋಮ್. ಕಳೆದ ತಿಂಗಳು ಮೇಡಮ್ಮು ಬೋರ್ಡಿನ ಮೇಲೆ ಮನೆಯ ಚಿತ್ರ ಬರೆದು ಅದರ ಕೆಳಗೆ ಬರೆದಿದ್ದ ಪದ.

ಅದರ ಹಿಂದಿನ ಪದ ಗೊತ್ತಾಗಲಿಲ್ಲ. ಮುಂದಿನ ಪದವೂ ಗೊತ್ತಾಗಲಿಲ್ಲ.

"ಓದ್ತಾ ಇದೀಯಾ?" ತಾತ ಕೋಲೂರಿಕೊಂಡು ಹಿತ್ತಲ ಬಾಗಿಲಿಗೆ ಬಂದಿದ್ದರು.

ವಿಶಾಲು ಸರಿದು ಜಾಗ ಕೊಟ್ಟಳು. ತಾತ ಕೂತರು. "ತಾತ, ಇದರಲ್ಲಿ ಹೋಮ್ ಅಂತ ಇದೆ. ಹೋಮ್ ಅಂದ್ರೆ ಮನೆ."

"ಮನೆ ಅಂತ ಬರೆದಿದಾರಾ?" ತಾತನ ದನಿ ಸಣ್ಣಗಾಯಿತು. "ಹೋದ್ನಂತಾ? ಹೋಗಲಿಲ್ಲವಂತಾ?"

"ಅದು ಗೊತ್ತಾಗ್ತಾ ಇಲ್ಲ."

ತಾತ ಬಾವಿಯ ಕಡೆ ತಿರುಗಿದರು. "ಆಗ ಪ್ಲಾಟ್‌ಫಾರಮ್ಮಿನಲ್ಲಿ ಒಬ್ಬರನ್ನ ಕೇಳಿದ್ದೆ. ಕೋಟು ಹಾಕ್ಕೊಂಡಿದ್ರು, ಓದಿದವರ ಹಾಗಿದ್ರು. ಇದನ್ನ ಸ್ವಲ್ಪ ಓದಿ ಹೇಳಿ ಸ್ವಾಮಿ ಅಂದೆ. ಕಾಫಿ ಮಾರೋ ಹುಡುಗನಿಗೆ ಇದೆಲ್ಲಾ ಯಾಕೆ ಅಂತ ನಕ್ಕರು. ಪಕ್ಕದಲ್ಲಿದ್ದವರೂ ನಕ್ಕರು. ಅಲ್ಲಿಂದಾಚೆ ಯಾರನ್ನೂ ಕೇಳಲಿಲ್ಲ ನಾನು. ಮನೆ ಬಿಟ್ಟು ಬಂದವನಲ್ಲವಾ ನಾನೂ. ರಾತ್ರಿ ಮಲಗಿದಾಗ ಇವನು ಮನೆ ಸೇರಿದ್ನೋ ಇಲ್ಲವೋ ಅಂತ ಒಂದೇ ಯೋಚನೆ."

ಇದನ್ನು ತಾತ ವಿಶಾಲುವಿಗೆ ಯಾವತ್ತೂ ಹೇಳಿರಲಿಲ್ಲ.

"ಹೋಗಲಿ ಬಿಡು." ತಾತ ಅವಳ ಬೆನ್ನು ತಟ್ಟಿದರು. "ನೀನು ಏಳನೇ ಕ್ಲಾಸಿಗೆ ಬರೋ ಹೊತ್ತಿಗೆ ನೀನೇ ಓದ್ತೀಯ. ಅಲ್ಲಿವರೆಗೂ ಕಾಯ್ತೀವಿ ನಾವು. ನಾನೂ, ಓಬಳಯ್ಯನೂ."

ಬೇಕಾಗಿದ್ದದ್ದು ಇದೇ ತಾನೆ? ಓಬಳಯ್ಯ ಅವಳಿಗೇ ಉಳಿದ. ತಾತನ ಪಕ್ಕದ ಜಾಗವೂ ಅವಳಿಗೇ ಉಳಿಯಿತು. ಒಂದು ಮಾತೂ ಆಡಬೇಕಾಗಿಲ್ಲ, ಬಸ್ಸು ಹೊರಡುವವರೆಗೆ ಹೀಗೇ ಕೂತಿದ್ದರಾಯಿತು.

ತಾತ ಅವಳ ಕೈಯಿಂದ ಚಿತ್ರ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದರು. "ನೋಡು, ಗಡ್ಡದಲ್ಲಿ ಮಂಜು ಹೇಗೆ ಹೊಳೀತಾ ಇದೆ," ಅಂದು ಬೆರಳಿನಿಂದ ಸವರಿದರು.

ವಿಶಾಲು ನೋಡಿದಳು. ತಾತ ಸವರುತ್ತಿದ್ದದ್ದು ಚಿತ್ರದ ಹಿಂಬದಿಯನ್ನು. ಅಲ್ಲಿ ಗಡ್ಡವೂ ಇರಲಿಲ್ಲ, ಮಂಜೂ ಇರಲಿಲ್ಲ. ಬರೀ ಸಾಸಿವೆಯಂಥ ಅಕ್ಷರಗಳಿದ್ದವು.

ತಾತನ ಬೆರಳು ಇನ್ನೂ ಸವರುತ್ತಲೇ ಇತ್ತು. ವಿಶಾಲುವಿನ ಹೊಟ್ಟೆಯೊಳಗೆ ಇಷ್ಟು ದಿನ ಉರಿಯುತ್ತಿದ್ದದ್ದು ಆರಿಹೋಯಿತು. ನಿಮಗೆ ಕಾಣಿಸ್ತಾ ಇಲ್ವಾ ಅಂತ ರೇವತಿ ತಾತನನ್ನು ಕೇಳಿದ್ದು ನೆನಪಾಯಿತು. ಏಳನೇ ಕ್ಲಾಸಿಗೆ ಇನ್ನೂ ಎರಡು ವರ್ಷ ಇತ್ತು.

ಬೀದಿ ಕಡೆಯಿಂದ ಅತ್ತೆಯ ಕೂಗು ಕೇಳಿಸಿತು. "ರೇವತೀ, ಚಪ್ಪಲಿ ಹಾಕ್ಕೋ. ಬಸ್ಸೇನು ನಿನ್ನ ರಿಬ್ಬನ್ನಿಗೆ ಕಾಯುತ್ತಾ?"

ವಿಶಾಲು ಎದ್ದಳು. "ಬಾ ತಾತ."

"ಎಲ್ಲಿಗೇ?"

ಅವಳು ಹೇಳಲಿಲ್ಲ. ಒಂದು ಕೈಯಲ್ಲಿ ತಾತನ ಕೈ, ಇನ್ನೊಂದರಲ್ಲಿ ಚಿತ್ರ. ಹಿತ್ತಲು ದಾಟಿ, ಅಡುಗೆಮನೆ ದಾಟಿ, ಪುಸ್ತಕ ಹರಡಿದ್ದ ನಡುಮನೆ ದಾಟಿದರು. ತಾತನ ನಡಿಗೆ ನಿಧಾನ. ಅವಳು ಎಳೆಯಲಿಲ್ಲ, ಅವರ ಹೆಜ್ಜೆಗೇ ಹೆಜ್ಜೆ ಹಾಕಿದಳು.

ರೇವತಿ ಜಗಲಿಯ ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಬಕಲ್ ಹಾಕಿಕೊಳ್ಳುತ್ತಿದ್ದಳು. ಒಂದು ಜಡೆಗೆ ರಿಬ್ಬನ್ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಅತ್ತೆ ಆಗಲೇ ಬ್ಯಾಗು ಹಿಡಿದು ಬೀದಿಗಿಳಿದಿದ್ದರು. ಎದುರುಮನೆಯ ಬಾಗಿಲಲ್ಲಿ ಉಮಾಮಹೇಶ್ವರಿ ಎಲ್ಲವನ್ನೂ ನೋಡುತ್ತಾ ನಿಂತಿದ್ದಳು.

ವಿಶಾಲು ತಾತನನ್ನು ಜಗಲಿಯ ಮೇಲೆ ಕೂರಿಸಿದಳು. ರೇವತಿಯ ಪಕ್ಕದಲ್ಲಿ, ಕಿವಿಗೆ ಹತ್ತಿರವಾಗುವ ಹಾಗೆ. ಆಮೇಲೆ ಚಿತ್ರವನ್ನು ಹಿಂದುಮುಂದಾಗಿ ತಿರುಗಿಸಿ, ಅಕ್ಷರ ಮೇಲೆ ಬರುವ ಹಾಗೆ ಹಿಡಿದು ರೇವತಿಯ ಮುಂದೆ ಚಾಚಿದಳು.

"ರೇವತೀ, ನಮ್ಮ ಓಬಳಯ್ಯ ಮನೆ ಸೇರಿದ್ನಾ? ತಾತನಿಗೆ ಓದಿ ಹೇಳ್ತೀಯಾ?"